ಕಡಲಪ್ಪನ ಹತ್ತಿರ ಪೂ ಕೇಳಿದ್ದು

ದೇವರುಗಳ ವಿಷಯದಲ್ಲಿ ವಳ್ಳಿಯಮ್ಮನಷ್ಟು ಕಟ್ಟುನಿಟ್ಟಿನ ಹೆಂಗಸು ತಮಿಳುನಾಡಿನ ಸೇಲಂನ ಗುಗೈಯಲ್ಲಿರುವ ಕನ್ನಡ ನೇಕಾರರ ಬೀದಿಯಲ್ಲಿ ಇನ್ನೊಬ್ಬಳಿರಲಿಲ್ಲ. ಮಳೆಯ ವಿಷಯ ಮಾರಿಯಮ್ಮನನ್ನು ಕೇಳಬೇಕು, ಮಗ್ಗದ ವಿಷಯ ಸೌಡಮ್ಮನನ್ನು ಕೇಳಬೇಕು. ಒಬ್ಬರ ಕೆಲಸವನ್ನು ಇನ್ನೊಬ್ಬರ ತಲೆಗೆ ಕಟ್ಟಬಾರದು. ಅಂಥವಳು ಈಗ ಗ್ರೀಸ್ ದೇಶದ ಅಥೆನ್ಸ್ ಪಟ್ಟಣದಲ್ಲಿ, ಕಪ್ಪು ಕಾರಿನ ಹಿಂದಿನ ಸೀಟಿನಲ್ಲಿ, ಪುಳಿಯೋಗರೆ ಡಬ್ಬಿಯನ್ನು ತೊಡೆಯ ಮೇಲಿಟ್ಟುಕೊಂಡು ಕೂತಿದ್ದಳು ಅಂದರೆ ಅದಕ್ಕೂ ಆ ಕಟ್ಟುನಿಟ್ಟೇ ಕಾರಣ.

ಅವಳ ಒಬ್ಬಳೇ ಮಗಳು ಕಲೈಸೆಲ್ವಿ ಸರಕು ಹಡಗಿನಲ್ಲಿ ಇಂಜಿನಿಯರ್. ಹೋದ ವರ್ಷ ಆಡಿ, ಅಂದರೆ ಆಷಾಢ ತಿಂಗಳಲ್ಲಿ ಆ ಹಡಗು ಬಿರುಗಾಳಿಗೆ ಸಿಕ್ಕಿ, ಮಗಳ ಫೋನ್ ಬಾಯಿ ಮುಚ್ಚಿಕೊಂಡು, ವಳ್ಳಿಯಮ್ಮ ಮಗ್ಗದ ಗುಂಡಿಯಲ್ಲಿ ಕೂತಲ್ಲೇ ಕಲ್ಲಾಗಿದ್ದಳು. ಆಮೇಲೆ ಎಲ್ಲ ಸರಿಹೋಯಿತು, ನಿಜ. ಆದರೆ ಅವಳ ಎದೆಯೊಳಗಿನ ಬಿರುಗಾಳಿ ಮಾತ್ರ ನಿಲ್ಲಲಿಲ್ಲ. ಈಗ ಹಡಗು ರಿಪೇರಿಗೆಂದು ಅಥೆನ್ಸಿನ ಹತ್ತಿರ ನಿಂತಿತ್ತು. ಮುಂದಿನ ಪಯಣಕ್ಕೆ ಬರುತ್ತೇನೋ ಇಲ್ಲವೋ ಎಂದು ಕಲೈಸೆಲ್ವಿ ನಾಳೆ ಕಂಪನಿಗೆ ಹೇಳಬೇಕು. ಇಲ್ಲವೆಂದರೆ ಮೆಟ್ಟೂರಿನ ಒಂದು ಕಾರ್ಖಾನೆಯಲ್ಲಿ ಅವಳಿಗಾಗಿ ಕೆಲಸ ಕಾದಿತ್ತು. ಸೇಲಂನಿಂದ ಬಸ್ಸು ಹತ್ತಿದರೆ ಮುಗಿಯಿತು, ರಾತ್ರಿ ಊಟಕ್ಕೆ ಮನೆಗೆ ಬರಬಹುದು.

ತಾಯಿ ಬೇಡ ಅಂದಳು, ಮಗಳು ಬೇಕು ಅಂದಳು. ಅಪ್ಪ ವೆಂಕಟಾಚಲಂ, “ನೀವೇ ಏನಾರ ಮಾಡ್ಕಳ್ಳಿ” ಎಂದು ಮಗ್ಗಕ್ಕೆ ಇಳಿದುಬಿಟ್ಟ. ಕೊನೆಗೆ ಸೌಡಮ್ಮನ ಗುಡಿಯಲ್ಲಿ ಪೂ ಕೇಳುವುದೆಂದು ತೀರ್ಮಾನವಾಯಿತು. ಇವರ ಕಡೆ ಅದು ಹಳೆಯ ಪದ್ಧತಿ. ಬಿಳಿ ಹೂವು ಒಂದು, ಕೆಂಪು ಹೂವು ಒಂದು, ಒಂದೇ ತರಹದ ಎರಡು ಪೊಟ್ಟಣ ಕಟ್ಟಿ ದೇವರ ಮುಂದಿಡಬೇಕು. ಏನೂ ಅರಿಯದ ಯಾರಾದರೂ ಒಂದನ್ನು ಎತ್ತಬೇಕು. ಬಿಳಿ ಬಂದರೆ ಹೋಗು, ಕೆಂಪು ಬಂದರೆ ನಿಲ್ಲು. ಆದರೆ ಪೂಜಾರಿ ಪೊನ್ನುಸ್ವಾಮಿ ಆಗದೆಂದು ಕೈಯಲ್ಲಾಡಿಸಿಬಿಟ್ಟ.

“ಅಕ್ಕಾ, ನಮ್ಮಮ್ಮನ ಎಲ್ಲೆ ಮೆಟ್ಟೂರು ಡ್ಯಾಮ್ ತಂಕ. ಕಡಲಿನ ವಿಷ್ಯ ಕಡಲಿನ ಸಾಮೀನೇ ಕೇಳು.”

ಇದನ್ನು ಫೋನಿನಲ್ಲಿ ಕೇಳಿ ಕಲೈಸೆಲ್ವಿ ನಕ್ಕು, “ಇಲ್ಲಿ ಕಡಲಿನ ಸಾಮಿಗೇ ಒಂದು ಕೋಯಿಲ್ ಐತೆ ಅಮ್ಮಾ, ಅಥೆನ್ಸಿಂದ ಒಂದೂವರೆ ಗಂಟೆ ದಾರಿ” ಅಂದಳು. ಗುಡಿಯ ಮಾತು ತಮಾಷೆಗೆ ಅಂದದ್ದು. ವಳ್ಳಿಯಮ್ಮನಿಗೆ ತಮಾಷೆ ಅರ್ಥವಾಗುತ್ತದೆ, ತನಗೆ ಬೇಡವಾದಾಗ ಮಾತ್ರ ಅರ್ಥವಾಗುವುದಿಲ್ಲ. ಹೇಗೂ ಮಗಳು ಒಂದು ಸಲ ಬಂದು ಹೋಗು ಎಂದು ವರ್ಷದಿಂದ ಗೋಗರೆಯುತ್ತಿದ್ದಳು. ವಳ್ಳಿಯಮ್ಮ ಬಂದೇಬಿಟ್ಟಳು. ಹೊರಡುವ ಮುಂಚೆ ಮಗಳಿಂದ ಮಾತು ತೆಗೆದುಕೊಂಡಿದ್ದಳು: ಸಾಮಿ ಬೇಡ ಅಂದರೆ ಕಪ್ಪಲಿನ, ಅಂದರೆ ಹಡಗಿನ, ಕೆಲಸ ಬಿಡಬೇಕು.

ಇವತ್ತು ಮಗಳಿಗೆ ಮಧ್ಯಾಹ್ನದ ತನಕ ಮಾತ್ರ ರಜೆ. ಅದಕ್ಕೇ ಟೂರಿಸ್ಟ್ ಬಸ್ಸು ಬೇಡವೆಂದು ಒಂದು ಕಾರನ್ನೇ ಗೊತ್ತು ಮಾಡಿದ್ದಳು. ಡ್ರೈವರ್ ಸ್ಪಿರೋ ಎಂಬ ಬೊಜ್ಜಿನ ಮನುಷ್ಯ ಇಳಿದು ಬಂದು ಬಾಗಿಲು ತೆಗೆದಾಗ ವಳ್ಳಿಯಮ್ಮನಿಗೆ ಆದ ಸಂಭ್ರಮ ಅಷ್ಟಿಷ್ಟಲ್ಲ. ಸೇಲಂ ಜಂಕ್ಷನ್ನಿನಿಂದ ಗುಗೈಗೆ ಟೌನ್ ಬಸ್ಸಿನ ಕಂಬಿ ಹಿಡಿದು ನೇತಾಡುವವಳಿಗೆ ಇಡೀ ಕಾರು!

“ಇದ್ಕೆ ಬೇರೆ ಯಾರೂ ಅತ್ತಲ್ವಾ?”

“ಇಲ್ಲಮ್ಮ. ಪೂರಾ ನಿಂದೇ.”

“ಅಂಗಾದ್ರೆ ಕಾಲು ಚಾಚ್ಕಂತೀನಿ” ಎಂದು ನಿಜಕ್ಕೂ ಚಾಚಿಕೊಂಡಳು.

ಪಟ್ಟಣ ಮುಗಿದು ಒಂದು ತಿರುವು ದಾಟಿದ್ದೇ ತಡ, ಬಲಗಡೆ ಕಡಲು ಬಂತು. ವಳ್ಳಿಯಮ್ಮ ತನ್ನ ಜನ್ಮದಲ್ಲಿ ಕಡಲು ಕಂಡವಳಲ್ಲ. ವಿಮಾನದಲ್ಲಿ ಕಿಟಕಿಯ ಪಕ್ಕ ಕೂತಿದ್ದರೂ ಕಣ್ಣು ಮುಚ್ಚಿಕೊಂಡೇ ಬಂದಿದ್ದಳು. ಈಗ ಚಾಚಿದ ಕಾಲು ತಾನಾಗಿ ಮಡಚಿಕೊಂಡಿತು, ಮೂಗು ಗಾಜಿಗೆ ಅಂಟಿತು. ಇದರ ಮೇಲೆ ಅವಳಿಗೆ ಹಗೆ ಇತ್ತು. ಬೈಯಬೇಕೆಂದು ಮಾತು ಜೋಡಿಸಿಕೊಂಡೇ ಬಂದಿದ್ದಳು. ಬಾಯಿಂದ ಬಂದದ್ದೇ ಬೇರೆ.

“ಅಯ್ಯೋ ಸೆಲ್ವೀ, ಈ ನೀಲಿ ನೋಡೇ! ಇಂಥ ಬಣ್ಣ ನಮ್ಮೂರ್ ಬಣ್ಣದ ಅಂಗಡೀಲಿ ಎಲ್ಲಾರಾ ಐತಾ?”

ಕಲೈಸೆಲ್ವಿಗಂತೂ ಹಿಡಿಸಲಾರದಷ್ಟು ಖುಷಿ. ದೂರದಲ್ಲಿ ಹಡಗು ಕಂಡರೆ ಸಾಕು, ಅದು ಎಣ್ಣೆಯದು, ಇದು ಗೋಧಿಯದು, ಅದರ ಇಂಜಿನ್ ನಮ್ಮ ಮನೆಗಿಂತ ಎತ್ತರ, ಅದರೊಳಗೆ ಏಣಿ ಹತ್ತಿ ಇಳಿಯಬೇಕು ಎಂದು ಕೈ ಬೀಸಿ ಬೀಸಿ ಹೇಳಿದಳು. ಊರಿನಲ್ಲಿ ಕೇಳಿದ್ದಕ್ಕೆ ಅರ್ಧ ಮಾತಿನಲ್ಲಿ ಉತ್ತರ ಕೊಡುವ ಹುಡುಗಿ ಇವಳೇನಾ ಎಂದು ವಳ್ಳಿಯಮ್ಮನಿಗೆ ಆಶ್ಚರ್ಯವಾಯಿತು. ಆದರೂ ಮನಸ್ಸನ್ನು ಬಿಗಿ ಹಿಡಿದಳು. ಕೆಂಪೇ ಬರಲಿ ಎಂದು ಮನೆಯಿಂದಲೇ ಹರಕೆ ಹೊತ್ತು ಬಂದವಳು ಅವಳು.

ಅರ್ಧ ದಾರಿಯಲ್ಲಿ ಅವಳು ಹೂವನ್ನೊಮ್ಮೆ ನೋಡೋಣವೆಂದು ಚೀಲ ಬಿಚ್ಚಿ, “ಮೋಸ ಓದ್ನಲ್ಲಾ!” ಎಂದು ಕೂಗಿದಳು. ಸೇಲಂನ ಹೂವಿನ ಅಂಗಡಿಯಿಂದ ಕಟ್ಟಿಸಿ ತಂದಿದ್ದ ಕೆಂಪು, ಬಿಳಿ ಎರಡೂ ಬಾಡಿ, ಒಣಗಿ, ಒಂದೇ ಕಾಫಿ ಪುಡಿ ಬಣ್ಣಕ್ಕೆ ತಿರುಗಿದ್ದವು. ಯಾವುದು ಹೋಗು, ಯಾವುದು ನಿಲ್ಲು ಎಂದು ಹೆತ್ತ ಗಿಡಕ್ಕೂ ಗೊತ್ತಾಗುವಂತಿರಲಿಲ್ಲ.

“ಓಗ್ಲಿ ಬಿಡಮ್ಮ, ಸುಮ್ನೆ ಕೋಯಿಲ್ ನೋಡ್ಕೊಂಡ್ ಬರೋಣ” ಎಂದಳು ಮಗಳು, ಸ್ವಲ್ಪ ಬೇಗನೇ.

“ಇಷ್ಟು ದೂರ ನೋಡಕ್ ಬಂದಿದ್ದಾ ನಾನು?”

ಅಷ್ಟರಲ್ಲಿ ರಸ್ತೆಯ ಅಂಚಿಗೆ ಸಾಲುಗಿಡ ಶುರುವಾಯಿತು. ವಳ್ಳಿಯಮ್ಮ ಸೀಟಿನಿಂದ ಎದ್ದೇಬಿಟ್ಟಳು. “ಅರಳೀ! ನಮ್ಮೂರ್ ಅರಳೀ! ನಿಲ್ಸು ತಂಬೀ, ನಿಲ್ಸು!” ಸ್ಪಿರೋಗೆ ಕನ್ನಡವೂ ಬಾರದು, ತಮಿಳೂ ಬಾರದು, ಆದರೆ ಆ ದನಿಗೆ ಬ್ರೇಕ್ ಒತ್ತದ ಡ್ರೈವರ್ ಪ್ರಪಂಚದಲ್ಲಿಲ್ಲ. ಸೇಲಂ ಸುತ್ತಿನ ಹೊಲಗಳಲ್ಲಿ ಅರಳಿ ಎಂಬ ಹೆಸರಿನಲ್ಲಿ ಮಾಲೆಗೆಂದು ಬೆಳೆಯುವ ಅದೇ ಕಣಗಿಲೆ, ಇಲ್ಲಿ ಕೇಳುವವರಿಲ್ಲದೆ ಬಿಸಿಲಿನಲ್ಲಿ ಮೈತುಂಬ ಅರಳಿ ನಿಂತಿತ್ತು. ಒಂದು ಗಿಡ ಕೆಂಪು, ಪಕ್ಕದ್ದು ಬಿಳಿ. ಕಡಲಿನ ಸಾಮಿ ತನಗೆಂದೇ ನೆಟ್ಟಿಸಿದ್ದಾನೆ ಎಂದು ವಳ್ಳಿಯಮ್ಮನಿಗೆ ಖಾತ್ರಿಯಾಯಿತು. ಸೆರಗು ಕಟ್ಟಿ ಹೂವು ಕೊಯ್ದಳು. ಹಳೆಯ ಪಂಚೆಯಿಂದ ಹರಿದು ತಂದಿದ್ದ ಎರಡು ತುಂಡುಗಳಲ್ಲಿ ಅವನ್ನು ಬೇರೆ ಬೇರೆಯಾಗಿ ಕಟ್ಟಿ, ಯಾವುದು ಯಾವುದೆಂದು ತನಗೂ ತಿಳಿಯದಂತೆ ಚೀಲದಲ್ಲಿ ಕಲಸಿಬಿಟ್ಟಳು. ಆಮೇಲೆ ಕೈ ತೊಳೆದುಕೊಂಡು ಆ ಹರ್ಷಕ್ಕೆ ಡಬ್ಬಿ ತೆಗೆದು ಮೂವರೂ ಪುಳಿಯೋಗರೆ ತಿಂದರು. ಸ್ಪಿರೋ ಎರಡನೇ ಸಲ ಕೈ ಚಾಚಿದ.

“ಪೊಟ್ಟಣ ಇವ್ನ ಕೈಲೇ ಎತ್ಸೋಣ್ವಾ? ಇವ್ನಿಗೇನೂ ಗೊತ್ತಿಲ್ಲ” ಎಂದಳು ಕಲೈಸೆಲ್ವಿ.

“ಆಗಲ್ಲ. ನಮ್ಮ ಅನ್ನ ತಿಂದ್ಬಿಟ್ಟ. ಇನ್ನ ನಮ್ ಮನೆಯೋನೇ.”

ಗುಡಿ ದೂರದಿಂದಲೇ ಕಂಡಿತು. ಕಡಲಿನೊಳಕ್ಕೆ ಚಾಚಿದ ಗುಡ್ಡ, ಅದರ ನೆತ್ತಿಯ ಮೇಲೆ ಬೆಳ್ಳನೆಯ ಕಂಬಗಳು, ಕಂಬಗಳ ಸಂದಿನಲ್ಲಿ ಬರೀ ಆಕಾಶ. ಸಾವಿರಾರು ವರ್ಷ ಹಳೆಯದಂತೆ, ದೇವರ ಹೆಸರು ಪೊಸೈಡನ್ ಅಂತೆ. ಆ ಹೆಸರು ನಾಲಿಗೆಗೆ ಹೊರಳದೆ ವಳ್ಳಿಯಮ್ಮ ಅವನಿಗೆ ಕಡಲಪ್ಪ ಎಂದು ಹೆಸರಿಟ್ಟಳು. ಗೇಟಿನ ಹತ್ತಿರ ಅಭ್ಯಾಸದಂತೆ ಚಪ್ಪಲಿ ಬಿಟ್ಟಳು. ಟಿಕೆಟು ಹರಿಯುವವನು ಬೇಡ ಬೇಡ ಎಂದು ಸನ್ನೆ ಮಾಡಿದ. “ಕೋಯಿಲಿಗೆ ಚಪ್ಪಲಿ ಆಕ್ಕಂಡಾ ಓಗ್ತಾರೆ? ಇವ್ನಿಗೇನ್ ಗೊತ್ತು” ಎಂದು ನಡೆದಳು. ಕಾದ ಕಲ್ಲಿನ ಮೇಲೆ ಕೋಳಿಯ ಹಾಗೆ ಕುಪ್ಪಳಿಸುತ್ತಾ ಮೇಲೆ ಹತ್ತಿದಳು, ಮಗಳು ಹಿಂದಿನಿಂದ ನಗುತ್ತಾ ಬಂದಳು.

ಹತ್ತಿರ ಹೋದರೆ ಸುತ್ತ ಹಗ್ಗ ಕಟ್ಟಿತ್ತು. ಸೂರಿಲ್ಲ, ಗೋಡೆಯಿಲ್ಲ, ದೀಪವಿಲ್ಲ.

“ಸಾಮಿ ಎಲ್ಲೇ?”

“ಸಾಮಿ ಇಲ್ಲಮ್ಮ. ಯಾವಾಗ್ಲೋ ಓದ.” ಆಮೇಲೆ ತಾಯಿಯ ಮುಖ ನೋಡಿ ಕೆಳಗಿನ ಕಡಲನ್ನು ತೋರಿಸಿದಳು. “ಅಗೋ, ಅದೇ ಅಂತ ಇಟ್ಕೋ.”

ವಳ್ಳಿಯಮ್ಮ ತಿರುಗಿದಳು. ಮೂರು ಕಡೆಯಿಂದಲೂ ಕಡಲು, ಎಲ್ಲಿ ಮುಗಿಯುತ್ತದೆಂದೇ ತಿಳಿಯದ ಕಡಲು. ಗಾಳಿ ಸೆರಗನ್ನು ಕಿತ್ತುಕೊಳ್ಳುವ ಹಾಗೆ ಎಳೆಯುತ್ತಿತ್ತು. ಎದೆ ಡವಡವ ಅಂದಿತು. ಹೆದರಿಕೆಯಿಂದಲ್ಲ, ಹುಡುಗಿಯಾಗಿದ್ದಾಗ ತೂಗುಯ್ಯಾಲೆ ಮೇಲಕ್ಕೆ ಹೋದಾಗ ಅನ್ನುತ್ತಿತ್ತಲ್ಲ, ಹಾಗೆ. ಕೈ ತಾನಾಗಿ ಮುಗಿಯಿತು. ಹಗ್ಗದ ಈಚೆಗೆ ಬಿದ್ದಿದ್ದ ಚಪ್ಪಟೆ ಕಲ್ಲಿನ ಮೇಲೆ ಎರಡೂ ಪೊಟ್ಟಣ ಇಟ್ಟಳು.

“ಕಡಲಪ್ಪಾ, ನಾನು ಸೇಲಂ ವೆಂಕಟಾಚಲಂ ಎಂಡ್ರು. ಇವ್ಳು ನನ್ ಮಗಳು, ನಿನ್ ಮೇಲೆ ಓಡಾಡ್ತಾಳೆ. ಇನ್ನೂ ಓಡಾಡ್ಲಾ, ಸಾಕಾ, ಏಳ್ಬಿಡು.”

ಇನ್ನು ಎತ್ತುವವರು ಯಾರೆಂದು ಸುತ್ತಮುತ್ತ ನೋಡುವಷ್ಟರಲ್ಲಿ ಪೀಪಿ ಊದಿದ ಸದ್ದು. ಟೋಪಿ ಹಾಕಿದ ಕಾವಲಿನ ಹೆಂಗಸೊಬ್ಬಳು ದಾಪುಗಾಲಿನಲ್ಲಿ ಬಂದಳು. ಇಲ್ಲಿ ಏನೂ ಬಿಟ್ಟುಹೋಗುವಂತಿಲ್ಲ ಎಂದು ಅವಳ ಭಾಷೆಯಲ್ಲಿ ಗದರಿ, ಬಗ್ಗಿ, ಕೈಗೆ ಸಿಕ್ಕ ಒಂದು ಪೊಟ್ಟಣವನ್ನು ಎತ್ತಿ ವಳ್ಳಿಯಮ್ಮನ ಕೈಗೆ ತುರುಕಿದಳು.

ತಾಯಿ ಮಗಳು ಇಬ್ಬರೂ ಉಸಿರು ಹಿಡಿದು ನಿಂತರು. ಏನೂ ಅರಿಯದವಳು, ತಾನಾಗಿ ಬಂದವಳು, ತಾನಾಗಿ ಎತ್ತಿದವಳು. ಇದಕ್ಕಿಂತ ಶುದ್ಧವಾದ ವಾಕ್ಕು ಸೌಡಮ್ಮನ ಗುಡಿಯಲ್ಲೂ ಸಿಕ್ಕುವುದಿಲ್ಲ. ಕಾವಲಿನವಳು ಇನ್ನೊಂದು ಪೊಟ್ಟಣವನ್ನೂ ಎತ್ತಿಕೊಟ್ಟು ಹೋದಳು, ಅದು ಲೆಕ್ಕಕ್ಕಿಲ್ಲ. ವಳ್ಳಿಯಮ್ಮ ಮೊದಲಿನದರ ಗಂಟು ಬಿಚ್ಚಿದಳು.

ಕೆಂಪು.

“ಸರಿ ಅಮ್ಮಾ” ಎಂದಳು ಕಲೈಸೆಲ್ವಿ. “ಮೆಟ್ಟೂರೇ ಆಗ್ಲಿ. ನಾಳೆ ಕಂಪನೀಗೆ ಏಳ್ಬಿಡ್ತೀನಿ.” ದನಿಯಲ್ಲಿ ಕೋಪವಿರಲಿಲ್ಲ. ಕೆಳಗೆ ದೊಡ್ಡದೊಂದು ಹಡಗು ಹಾದು ಹೋಗುತ್ತಿತ್ತು, ಅವಳು ಅದರ ಕಡೆ ತಿರುಗಲಿಲ್ಲ. ಕೊಟ್ಟ ಮಾತಿಗೆ ಕಟ್ಟುಬಿದ್ದ ಮಗಳು, ಕೇಳಿದ್ದನ್ನು ಕೊಟ್ಟ ದೇವರು. ವಳ್ಳಿಯಮ್ಮನ ಬಾಯಿ ಸಿಹಿಯಾಗಬೇಕಿತ್ತು. ಆಗಲಿಲ್ಲ.

ಸ್ಪಿರೋಗೆ ಇದೊಂದೂ ತಿಳಿಯದು. ಅವನು ಎಲ್ಲ ಗಿರಾಕಿಗಳಿಗೂ ಹೇಳುವ ಕತೆಯನ್ನು ಇವರಿಗೂ ಹೇಳಲು ಉತ್ಸಾಹದಿಂದ ಗುಡ್ಡದ ಅಂಚಿಗೆ ಬಂದು ನಿಂತ. ಅವನು ಇಂಗ್ಲಿಷಿನಲ್ಲಿ ಹೇಳಿದ್ದನ್ನು ಕಲೈಸೆಲ್ವಿ ಮೆಲ್ಲನೆ ತಾಯಿಗೆ ಹೇಳಿದಳು. ಹಿಂದೆ ಒಬ್ಬ ರಾಜ. ಅವನ ಮಗ ಅಪಾಯದ ಕೆಲಸಕ್ಕೆಂದು ಹಡಗು ಹತ್ತಿ ಹೋದ. ಬದುಕಿ ಬಂದರೆ ಬಿಳಿ ಹಾಯಿ ಕಟ್ಟುತ್ತೇನೆ, ಇಲ್ಲದಿದ್ದರೆ ಕಪ್ಪು ಹಾಯಿಯೇ ಇರುತ್ತದೆ ಅಂದಿದ್ದ. ರಾಜ ಇಲ್ಲೇ ನಿಂತು ದಿನಾ ಕಾದ. ಮಗ ಬದುಕಿಯೇ ಬಂದ, ಆದರೆ ಹಾಯಿ ಬದಲಿಸಲು ಮರೆತಿದ್ದ. ದೂರದಿಂದ ಕಪ್ಪು ಕಂಡು ಅಪ್ಪ ಇಲ್ಲಿಂದಲೇ ಕಡಲಿಗೆ ಹಾರಿದ.

“ಥೂ, ಮುಟ್ಟಾಳ!” ಎಂದಳು ವಳ್ಳಿಯಮ್ಮ. ಕತೆ ಕೇಳಿ ಕಣ್ಣೀರು ಹಾಕುವವರನ್ನು ಸ್ಪಿರೋ ಕಂಡಿದ್ದ, ಸಿಟ್ಟಾದವಳನ್ನು ಇವತ್ತೇ ಕಂಡದ್ದು. “ಬಿಸ್ಲಿಗೆದ್ರಾಗಿ ಹಿಡುದ್ರೆ ಬಿಳೀ ಬಟ್ಟೇನೂ ಕಪ್ಪೇ ಕಾಣ್ತೈತೆ! ಕಪ್ಪಲು ದಡಕ್ ಬರೋಗಂಟ ಕಾಯಕ್ಕಾಗ್ನಿಲ್ವಾ? ಎತ್ತ ಮಗ ಜೀವಂತ ಬತ್ತಾವ್ನೆ, ಅವನ ಬಾಯಿಂದ ಒಂದ್ ಮಾತು ಕೇಳ್ದೆ, ಬಣ್ಣ ನೋಡ್ಬುಟ್ಟು...”

ಅಲ್ಲಿಗೆ ಮಾತು ನಿಂತುಹೋಯಿತು. ಅಂಗೈಯಲ್ಲಿ ಕೆಂಪು ಕಣಗಿಲೆ ಹಾಗೇ ಇತ್ತು. ಸೌಡಮ್ಮನನ್ನು ಕೇಳಲು ಹೋದಳು, ಪೊನ್ನುಸ್ವಾಮಿಯನ್ನು ಕೇಳಿದಳು, ಏಳು ಕಡಲು ದಾಟಿ ಬಂದು ಕಡಲಪ್ಪನನ್ನು ಕೇಳಿದಳು. ಮಗಳಿಗೆ ಬೇಡ ಬೇಡ ಎಂದು ಹೇಳಿದ್ದಳೇ ಹೊರತು ನಿನ್ನ ಮನಸ್ಸಿನಲ್ಲೇನಿದೆ ಎಂದು ಒಂದು ಸಲವೂ ಕೇಳಿರಲಿಲ್ಲ. ನಾಚಿಕೆಯಾಯಿತು.

“ಸೆಲ್ವೀ, ಇಲ್ಲಿ ನೋಡು ನನ್ ಕಣ್ಣೇ. ಸಾಮಿ ಮಾತು ಬಿಡು. ನಿಂಗೆ ಏನ್ ಬೇಕು?”

ಕಲೈಸೆಲ್ವಿ ತಾಯಿಯ ಕಡೆ ತಿರುಗಿದಳು. “ಓಗ್ಬೇಕಮ್ಮ. ಗಾಳಿ ಎದ್ರೆ ನಂಗೂ ಭಯಾನೇ. ಆದ್ರೂ ಆ ಇಂಜಿನ್ ಸದ್ದು ಇಲ್ದೆ ಇದ್ರೆ ನಿದ್ದೆ ಬರಲ್ಲ. ಮಗ್ಗ ನಿಂತ ದಿನ ನಿಂಗ್ ಬತ್ತೈತಾ?”

ವಳ್ಳಿಯಮ್ಮ ಬಿರಬಿರನೆ ಅಂಚಿಗೆ ನಡೆದಳು. ಸ್ಪಿರೋ ಗಾಬರಿಯಿಂದ ಅವಳ ಸೆರಗು ಹಿಡಿದುಕೊಂಡ. ರಾಜನ ಕತೆ ಹೇಳಿದ್ದು ತಪ್ಪಾಯಿತೇನೋ ಎಂದು ಅವನಿಗೆ ಅನ್ನಿಸಿರಬೇಕು. ಅವಳು ಅವನನ್ನು ಗಮನಿಸದೆ ಎರಡೂ ಪೊಟ್ಟಣದ ಹೂವನ್ನು ಗಾಳಿಗೆ ತೂರಿದಳು.

“ಕಡಲಪ್ಪಾ, ನೀನು ಬೇಡ ಅಂದೆ, ಕೇಳುಸ್ಕಂಡೆ. ಆದ್ರೆ ಅವ್ಳು ಬತ್ತೀನಿ ಅಂತಾವ್ಳೆ, ನಾನೂ ಊಂ ಅಂದ್ಬುಟ್ಟಿವ್ನಿ. ಎಂಗೆ ಕರ್ಕಂಡೋದ್ಯೋ ಅಂಗೇ ತಂದ್ ಬುಡ್ಬೇಕು, ಆಯ್ತಾ?” ಎಂದು ಬೆರಳೆತ್ತಿ ಗದರಿದಳು. “ಒಂದ್ ಕೂದ್ಲು ಕೊಂಕುದ್ರೂ ಮತ್ತೆ ಬತ್ತೀನಿ. ದಾರಿ ಗೊತ್ತಾಯ್ತು ನಂಗೆ!”