ಹೆಸರು ಹಿಡಿದು ಕರಿ ಅಂದರು

ಹೊಗೆ, ಅಗೋ ಹೊಗೆ, ಬಂತು — ಅಲ್ಲ, ಅದು ರೈಲಿನದಲ್ಲ, ಗಾಣದ್ದು, ಹೊಲದಾಚೆ ಯಾರೋ ಕಬ್ಬಿನ ಹಾಲು ಕಾಯಿಸುತ್ತಿದ್ದಾರೆ, ಬೆಲ್ಲದ ವಾಸನೆ ಮೂಗಿಗೆ ಬಡಿದ ಮೇಲಾದರೂ ತಿಳಿಯಬಾರದೇ ಹುಚ್ಚೀ, ಎಂದು ಚಂದ್ರಭಾಗಾ ತನ್ನನ್ನೇ ಬೈದುಕೊಂಡಳು, ಬೈದುಕೊಂಡ ಮರುಗಳಿಗೆಗೆ ಮತ್ತೆ ಕತ್ತು ಉದ್ದ ಮಾಡಿ ಬೀದರ ದಿಕ್ಕಿಗೇ ನೋಡಿದಳು, ಹಳಿ ಎರಡೂ ದೂರದಲ್ಲಿ ಕೂಡಿ ಒಂದೇ ಆದಂತಿವೆ, ಅಲ್ಲಿಂದಲೇ ಬರಬೇಕು ಗಾಡಿ, ಗಾಡಿಯಲ್ಲಿ ಅವರು, ಅವರ ಬಾಯಲ್ಲಿ ಸುದ್ದಿ. ಅವರು ಅಂದರೆ ಗಂಡ. ಮುಂಜಾನೆ ರೊಟ್ಟಿ ಕಟ್ಟಿಸಿಕೊಂಡು ಬೀದರಿಗೆ ಹೋದವರು, ಹೈದರಾಬಾದಿನಲ್ಲಿ ಹೊಸದಾಗಿ ತೆರೆಯುವ ನಾಟಕ ಕಲಿಸುವ ಸಾಲಿಗೆ ಯಾರ್ಯಾರನ್ನು ಆರಿಸಿಕೊಂಡರು ಅಂತ ಇವತ್ತು ಅಲ್ಲಿ ಕೂಗಿ ಹೇಳುತ್ತಾರಂತೆ, ನೀನೂ ಬಾ ಅಂದಿದ್ದರು, ಒಲ್ಲೆ ಅಂದಳು, ಆವತ್ತು ಪರೀಕ್ಷೆಯಲ್ಲಿ ನಕ್ಕವರ ಮುಂದೆ ಇನ್ನೊಮ್ಮೆ ಹೋಗಿ ನಿಲ್ಲುವುದೇ, ಬ್ಯಾಡವ್ವಾ ಬ್ಯಾಡ. ಒಲ್ಲೆ ಅಂದವಳು ಮನೆಯಲ್ಲಾದರೂ ಕೂತಳೇ, ಅದೂ ಇಲ್ಲ, ನೀರು ತರುತ್ತೇನೆಂದು ಕೊಡ ಹಿಡಿದು ಹೊರಟವಳು ಬಾವಿ ದಾಟಿ, ಪೇಟೆ ದಾಟಿ, ಕೊಡದ ಸಮೇತ ಭಾಲ್ಕಿ ಟೇಶನ್ನಿಗೇ ಬಂದು ನಿಂತಿದ್ದಾಳೆ. ಕೊಡ ಖಾಲಿ ಇದೆ.

ಏನಬೇ ಚಂದ್ರಾ, ಟೇಶನ್ದಾಗ ಯಾವಾಗ ಬಾವಿ ತೋಡ್ಯಾರ? — ಪೇರಲ ಬುಟ್ಟಿಯ ಹಿಂದೆ ಕೂತ ಹಾಜಿರಾಬೀ, ಓಣಿಯಲ್ಲಿ ಗೋಡೆಗೆ ಗೋಡೆ ಹತ್ತಿದ ಮನೆ, ಇವಳ ಕಣ್ಣು ತಪ್ಪಿಸುವುದುಂಟೇ. ನಿನ್ನ ಗಂಡ ಬರೋತನಕ ಒಂದು ಪೇರಲ ತಿನ್ನು, ತೊಗೋ, ಎದಿ ಡವಡವ ಅನ್ನೋದು ಇಲ್ಲೀತನಕ ಕೇಳ್ತದ. ತಿಂದಳು, ಏನು ತಿಂದಳೋ ಗೊತ್ತಾಗಲಿಲ್ಲ, ಬೀಜ ಹಲ್ಲಿಗೆ ಸಿಕ್ಕಿತು. ಪೊಲೀಸ್ ಆ್ಯಕ್ಷನ್ ಆದ ತಿಂಗಳಲ್ಲಿ, ಮಂದಿ ಮುಸಲ್ಮಾನರ ಮನೆಗಳ ಮೇಲೆ ಬಿದ್ದಾಗ, ಅತ್ತೆ ಸಖುಬಾಯಿ ಇದೇ ಹಾಜಿರಾಬೀಯನ್ನು ಜೋಳದ ಕೋಣೆಯೊಳಗೆ ಮುಚ್ಚಿಟ್ಟು ಬಾಗಿಲಿಗೆ ತಾನೇ ಅಡ್ಡ ಮಲಗಿದ್ದಳು, ನನ್ನ ದಾಟಿ ಹೋಗೋ ಗಂಡಸು ಯಾವಾವ ನೋಡ್ತೇನಿ ಅಂದಿದ್ದಳು, ಈಗ ಇಬ್ಬರೂ ಬಾವಿಯ ಹಗ್ಗಕ್ಕಾಗಿ ದಿನಾ ಕಿತ್ತಾಡುತ್ತಾರೆ, ಅದೇನು ಜೀವವೋ, ಅದೇನು ಜಗಳವೋ. ಅಂಥ ಗಟ್ಟಿಗಿತ್ತಿ ಸಖುಬಾಯಿ ಸೊಸೆಗೆ ಹೇಳಿದ್ದು ಒಂದೇ ಮಾತು, ಹುಚ್ಚು ಹಿಡದದ, ಒಮ್ಮಿ ಹೋಗಿ ಬಾ, ಆತು ಅಂದ್ರ ಆತು, ಆಗಲಿಲ್ಲ ಅಂದ್ರ ಇನ್ನ ಮುಂದ ನಾಟಕದ ಸುದ್ದಿ ನನ್ನ ಮನ್ಯಾಗ ಎತ್ತಬ್ಯಾಡ, ಬ್ಯಾಳಿ ಗಿರಣ್ಯಾಗ ಕೇರೋ ಕೆಲಸ ಐತಿ, ಮೊರ ಹಿಡಿ. ಹಾಂ ಅತ್ತಿ ಅಂದಿದ್ದಾಳೆ. ಮಾತು ಕೊಟ್ಟಿದ್ದಾಳೆ. ಅಂದರೆ ಇವತ್ತಿನ ಗಾಡಿ ಒಂದೇ ಗಾಡಿ, ಇಲ್ಲವೆಂದರೆ ಜೀವಮಾನವಿಡೀ ತೊಗರಿಬೇಳೆಯ ಧೂಳು, ಕೇರು, ಕೆಮ್ಮು, ಕೇರು — ಥೂ, ಬಿಡ್ತು ಅನ್ನು, ಒಳ್ಳೆ ಹೊತ್ತಿನಲ್ಲಿ ಎಂಥ ಮಾತು, ಆಗಿಯೇ ಆಗುತ್ತದೆ, ಯಾಕಾಗಬಾರದು, ಪರೀಕ್ಷೆ ಮಾಡಿದ ಆ ಮಾಸ್ತರರು ನೀರು ಕುಡಿದರಲ್ಲ, ಕುಡಿಯುವಾಗ ಅವರ ಕೈ ನಡುಗಿತಲ್ಲ, ತಾನು ಕಣ್ಣಾರೆ ನೋಡಿದ್ದಾಳೆ.

ನಾಟಕ ಅವಳಿಗೆ ಯಾರು ಕಲಿಸಿದ್ದರು, ಯಾರೂ ಇಲ್ಲ, ಕಲಿಸಿದ್ದರೆ ಕಮಲನಗರದ ಗಡಿ ನಾಕಾ ಕಲಿಸಿತ್ತು. ರಜಾಕಾರರ ಬೇಸಿಗೆ ಅದು, ಗಂಡನನ್ನು ಹಿಡಿಯಲು ರಜಾಕಾರರು ಹುಡುಕುತ್ತಿದ್ದರು, ಅವರನ್ನು ಗಡಿಯಾಚೆಯ ಹೋರಾಟಗಾರರ ಕ್ಯಾಂಪಿಗೆ ದಾಟಿಸಬೇಕಿತ್ತು, ಅಪ್ಪ ಧೊಂಡಿಬಾ ಮನ್ನಳ್ಳಿಯಿಂದ ಬಂಡಿ ತಂದಿದ್ದ, ಬಂಡಿಯಲ್ಲಿ ಜೋಳದ ಕಣಿಕೆ, ಕಣಿಕೆಯ ಅಡಿಗೆ ಅವರು, ಕಣಿಕೆಯ ಮೇಲೆ ಹೊಟ್ಟೆಗೆ ಕೌದಿ ಕಟ್ಟಿಕೊಂಡು ಇವಳು. ಬಂದೂಕಿನವನು ಬಂಡಿ ತಡೆದಾಗ ಶುರು ಹಚ್ಚಿದಳು ನೋಡಿ, ಅಯ್ಯಯ್ಯೋ ಸತ್ತೇನ್ರೋ ಎಪ್ಪಾ, ಸೂಲಗಿತ್ತಿ ಎಲ್ಲಿ, ನಡಾ ಮುರೀತು — ಎತ್ತು ಬೆದರಿದವು, ಅಪ್ಪನೇ ಒಂದು ಗಳಿಗೆ ನಿಜವೆಂದು ಗಾಬರಿಯಾದ. ತೇರೆ ಮರದ್ ಕಾ ನಾಮ್ ಕ್ಯಾ, ಅಂದ ಬಂದೂಕಿನವನು. ಹೇಳಿದ್ದರೆ ಮುಗಿದಿತ್ತು, ಅದೇ ಹೆಸರು ಹುಡುಕುತ್ತಿದ್ದವನು ಅವನು. ಇವಳು ಸೆರಗು ಕಚ್ಚಿಕೊಂಡು ತಲೆ ಅಲ್ಲಾಡಿಸಿದಳು, ಪಕ್ಕದವನು ನಕ್ಕುಬಿಟ್ಟ, ಅರೇ ಭಾಯಿ, ಈ ಕಡೀ ಹೆಂಗಸರು ಸತ್ತರೂ ಗಂಡನ ಹೆಸರು ಹೇಳಂಗಿಲ್ಲ, ಬಿಡು, ಬಂಡ್ಯಾಗೇ ಹಡದಾಳು. ಬಿಟ್ಟರು. ಹೆದರಿಕೆಯೇ, ಹೆದರಿಕೆ ಇತ್ತು, ಆದರೆ ಅದರ ಕೆಳಗೆ ಇನ್ನೊಂದಿತ್ತು, ಯಾರ ಮುಂದೆ ಹೇಳಿಯಾಳು ಅದನ್ನು, ಖುಷಿ ಇತ್ತು, ಬೇನೆ ತಿನ್ನುತ್ತ ತಿನ್ನುತ್ತ ಒಳಗೊಳಗೇ ಖುಷಿ, ನಂಬಿದರು, ನಂಬಿದರು, ಇನ್ನೊಮ್ಮೆ ನರಳಲೇ ಎನ್ನುವ ಖುಷಿ. ನಾಕಾ ದಾಟಿದ ಮೇಲೂ ಒಂದು ಹರದಾರಿ ನರಳುತ್ತಲೇ ಹೋದಳು, ಸಾಕು ಮಾಡಬೇ ತಾಯಿ, ಯಾರೂ ಇಲ್ಲೀಗ, ಅಂದ ಅಪ್ಪ. ಆಮೇಲೆ ಅವರು ಮನೆಗೆ ಮರಳಿದ ಮೇಲೆ ಬಂದವರಿಗೆಲ್ಲ ಅದೇ ಕತೆ, ಏ ಇಕಿನ, ಒಮ್ಮಿ ಮಾಡಿ ತೋರಸು, ಇಕಿ ಬ್ಯಾನಿ ತಿಂದಿದ್ದಕ್ಕ ನಾ ಉಳದೀನಿ ನೋಡ್ರಿ. ಏ ಇಕಿನ, ಏ ಕೇಳಿಲ್ಲಿ, ಇಷ್ಟೇ ಅವಳ ಹೆಸರು ಅವರ ಬಾಯಲ್ಲಿ. ನಾಟಕದ ಸಾಲಿಯ ಸುದ್ದಿ ತಂದವರೂ ಅವರೇ, ಹೋಗೋಣ ನಡಿ ಅಂದವರೂ ಅವರೇ.

ಆ ಹೆಸರೇ ಅಲ್ಲವೇ ಬೀದರಿನಲ್ಲಿ, ಸಾಲಿಗೆ ಆರಿಸುವ ಪರೀಕ್ಷೆಯಲ್ಲಿ, ಕೈಕೊಟ್ಟದ್ದು, ಕಾಯ್ದದ್ದೇ ಕಚ್ಚಿತು ಅನ್ನುತ್ತಾರಲ್ಲ ಹಾಗೆ. ಎಲ್ಲ ಚೆನ್ನಾಗಿಯೇ ನಡೆದಿತ್ತು, ಮುದುಕಿಯಂತೆ ನಡೆ ಅಂದರು, ನಡೆದಳು, ಪೇಟೆಯಲ್ಲಿ ಚೌಕಾಶಿ ಮಾಡು ಅಂದರು, ಮಾಡಿದಳು, ಆರಿಸಲು ಕೂತ ಹೆಂಗಸು, ಕನ್ನಡಕದ ಬಾಯಿಯವರು, ನಕ್ಕರು ಕೂಡ. ಆಮೇಲೆ ಆ ಮಾಸ್ತರರು, ಬಿಳಿ ಮೀಸೆಯವರು, ತಂಗೀ, ಇಲ್ಲಿ ನೋಡು, ಕಾಳಗ ಮುಗಿದದ, ಕೋಟೆ ಬಾಗಲದಾಗ ನಿನ್ನ ಗಂಡ ಬಿದ್ದಾನ, ಜೀವ ಐತೋ ಇಲ್ಲೋ ಗೊತ್ತಿಲ್ಲ, ಓಡಿ ಬಾ, ಹೆಸರು ಹಿಡಿದು ಕರಿ. ಓಡಿ ಬಂದಳು. ನೆಲದ ಮೇಲೆ ಏನೂ ಇರಲಿಲ್ಲ, ಆದರೆ ಇದ್ದರು, ಅವರೇ ಇದ್ದರು, ಕಣಿಕೆ ಮೆತ್ತಿದ ಕೂದಲು, ಕಣ್ಣೀರು ತಾನಾಗಿ ಬಂತು, ಮೊಣಕಾಲೂರಿ ಕೂತಳು, ಬಾಯಿ ತೆರೆದಳು — ಹೆಸರು ಬರವಲ್ಲದು. ಹ್ಯಾಂಗ ಬಂದೀತು, ಮದುವೆಯಾದಂದಿನಿಂದ ಆ ಹೆಸರನ್ನು ಅವಳು ಆಡಿದ್ದೆಲ್ಲಿ, ಹೊಸ್ತಿಲ ಮೇಲೆ ಹೆಂಗಸರು ತಡೆದು ನಿಲ್ಲಿಸಿದಾಗ ಒಡಪಿನಲ್ಲಿ, ಮದುಮಗಳು ಹೇಳುವ ಪ್ರಾಸದ ಪದದಲ್ಲಿ, ಸೇರಿಸಿ ಹೇಳಿದ್ದೊಂದೇ. ಕರಿ ತಂಗೀ, ಕರಿ, ಜೀವ ಹೊಂಟದ, ಅಂದರು ಮಾಸ್ತರರು. ಕರೆದಳು. ಅಳುತ್ತ, ಎದೆ ಬಡಿದುಕೊಳ್ಳುತ್ತ, ಬಾಯಿಗೆ ದಾರಿ ಗೊತ್ತಿದ್ದುದು ಒಂದೇ, ಅದೇ ದಾರಿ ಹಿಡಿದು — ಕೋಟೆ ಬಾಗಲಕ್ಕ ಕಬ್ಬಿಣದ ಮೊಳಿ, ವೈಜಿನಾಥರ ಹೆಸರ ಹೇಳ್ತೇನಿ, ಬರಲಿ ಮುಂಗಾರ ಮಳಿ. ಒಡಪು! ಸಾಯುವ ಗಂಡನ ಮುಂದೆ ಮದುವೆ ಮನೆಯ ಒಡಪು! ಹಿಂದೆ ಸಾಲಾಗಿ ಕೂತ ಹುಡುಗಿಯರು ಘೊಳ್ಳೆಂದು ನಕ್ಕರು, ಒಬ್ಬಳಂತೂ ಬಾಯಿಗೆ ಕರವಸ್ತ್ರ ತುರುಕಿಕೊಂಡಳು, ಇವಳಿಗೆ ಭೂಮಿ ಬಾಯಿ ಬಿಡಬಾರದೇ ಅನಿಸಿತು. ಆದರೆ ಬಾಯಿಯವರು ನಗಲಿಲ್ಲ. ಕನ್ನಡಕ ತೆಗೆದರು. ಮಾಸ್ತರರು ನೀರು ಕುಡಿದರು, ಕೈ ನಡುಗಿತು, ಆತು ತಂಗೀ, ಹೋಗು, ಅಂದರು. ಕೈ ನಡುಗಿದ್ದು ಸಿಟ್ಟಿಗೋ, ವಯಸ್ಸಿಗೋ, ಇಲ್ಲಾ — ಇಲ್ಲಾ ಏನು, ಹೇಳು, ಅನ್ನಲಿಕ್ಕೆ ಧೈರ್ಯವಿಲ್ಲವೇ, ಇಲ್ಲಾ ಅವರಿಗೂ ಅಳು ಬಂದಿತ್ತು.

ಸಿಳ್ಳು! ಈ ಸಲ ಗಾಣವಲ್ಲ, ಗಾಡಿಯೇ, ಹಾಜಿರಾಬೀ ಬುಟ್ಟಿ ಎತ್ತಿಕೊಂಡಳು, ಬಾ ಬಾ ಚಂದ್ರಾ, ಇಂಜಿನ್ ಕಡೀ ಸರಿ, ಬಿಸಿ ಗಾಳಿ ಮುಖಕ್ಕೆ ರಪ್ಪನೆ ಬಡಿಯಿತು, ಡಬ್ಬಿ, ಡಬ್ಬಿ, ಬಾಗಿಲಲ್ಲಿ ಜೋತುಬಿದ್ದ ಮಂದಿ, ಪಟಕಾ, ಟೋಪಿ, ಕುರಿಮರಿ, ಅವರಿಲ್ಲ, ಮುಂದಿನ ಡಬ್ಬಿ, ಅವರಿಲ್ಲ, ಒಂದು ನೀಲಿ ಟ್ರಂಕು ತಲೆಗಳ ಮೇಲಿಂದ ತೇಲಿ ಬಂತು, ಯಾರೋ ಬೀಗರ ಮನೆಯವರದು, ಸರಿಯಪ್ಪಾ, ನೋಡಲು ಬಿಡು, ಅವರಿಲ್ಲ, ಗಾಡಿ ತಪ್ಪಿತೇ, ಆಗಲಿಲ್ಲವೆಂದು ಮುಖ ತೋರಿಸಲಾಗದೆ ಬೀದರಿನಲ್ಲೇ ಉಳಿದರೇ, ಮತ್ತೆ ಆ ನೀಲಿ ಟ್ರಂಕು, ಈಗ ದೀಪದ ಕಂಬಕ್ಕೆ ಢಣ್ ಅಂತ ಬಡಿಯಿತು, ಕಣ್ಣ ಐತೇನೋ ನಿನಗ, ಎಂದು ಯಾರೋ ಬೈದರು, ಟ್ರಂಕಿನ ಕೆಳಗಿನಿಂದ ದನಿ — ಹಾದಿ ಬಿಡ್ರಿ, ಹಾದಿ ಬಿಡ್ರಿ, ಹೈದರಾಬಾದಿಗಿ ಹೋಗೋ ಟ್ರಂಕ ಐತಿ ಇದು! ಆ ದನಿ. ಅವರ ದನಿ. ಮುಂಜಾನೆ ಬರಿಗೈಲಿ ಹೋದವರು, ಆಗದಿದ್ದರೆ ಯಾವ ಗಂಡಸು ಹೊಸ ಟ್ರಂಕು ಹೊತ್ತು ಬಂದಾನು, ಆತು, ಆತು, ಎವ್ವಾ ಆತು! ಟ್ರಂಕು ಮುಖ ಮುಚ್ಚಿದೆ, ಇವಳನ್ನು ಕಾಣದೆ ಗೇಟಿನ ಕಡೆ ನಡೆದೇಬಿಟ್ಟರು, ರೀ ಎಂದಳು, ಸುತ್ತಲ ಗಂಡಸರೆಲ್ಲ ತಿರುಗಿದರು, ಟ್ರಂಕು ತಿರುಗಲಿಲ್ಲ, ಇಲ್ಲಿ ಕೇಳ್ರೀ ಎಂದಳು, ಇಲ್ಲ, ಮಂದಿ ನುಂಗುತ್ತಿದ್ದಾರೆ, ನೀಲಿ ಒಂದು ಚೂರಷ್ಟೇ ಕಾಣುತ್ತದೆ, ಒಡಪು ಕಟ್ಟಲು ಪುರುಸೊತ್ತೆಲ್ಲಿ — ವೈಜಿನಾಥಾ! ಬರೀ ಹೆಸರು, ಗುಡ್ಡದಾಚೆಯ ಕುರಿಗಳನ್ನು ಕೂಗಿ ಕರೆಯುವ ಕೊರಳಿನಲ್ಲಿ, ವೈಜಿನಾಥಾ! ಯಾ ಅಲ್ಲಾ, ಎಂದು ಹಾಜಿರಾಬೀ ಬಾಯಿ ಮುಚ್ಚಿಕೊಂಡಳು. ಟ್ರಂಕು ನಿಂತಿತು. ತಿರುಗಿತು. ಆ ಮಗ್ಗುಲಿಗೆ ಅಕ್ಷರ, ಬಿಳಿ ಬಣ್ಣದ್ದು, ಇನ್ನೂ ಹಸಿ, ಒಂದು ದೀರ್ಘಕ್ಕೆ ಅವರ ಬೆರಳು ತಾಗಿ ಜಾರಿದೆ, ಓದಲು ಹೋದ ವರ್ಷವಷ್ಟೇ ಕಲಿತವಳು ಒಂದೊಂದೇ ಕೂಡಿಸಿದಳು, ಚಂ, ದ್ರ, ಭಾ, ಒಮ್ಮೆಯೂ ಬಾಯಿಬಿಟ್ಟು ಕರೆಯದವರು ಬರೆಸಿಕೊಂಡು ಬಂದಿದ್ದಾರೆ, ತಲೆಯ ಮೇಲೆ ಹೊತ್ತಿದ್ದಾರೆ, ಊರೆಲ್ಲ ಓದುವಂತೆ, ನೀಲಿಯ ಮೇಲೆ ಬಿಳಿ, ಚಂದ್ರಭಾಗಾ, ನೀಲಿಯ ಮೇಲೆ ಬಿಳಿ, ಚಂದ್ರಭಾಗಾ —