ಹೊತ್ತು ಓಡಿದವನು

ತಂಗಿ ತೀರಿಹೋದ ಅಣ್ಣನ ಸೆಟೆದ ಕೈಯನ್ನು ಅಂಗಿಯ ತೋಳಿನೊಳಗೆ ತೂರಿಸಲು ಹೆಣಗುತ್ತಿದ್ದಳು. ಆ ಬದಿಯಿಂದ ಚಿಕ್ಕಮ್ಮ ಹಿಡಿದೆಳೆಯುತ್ತಿದ್ದರು. ಹೊಸ ಅಂಗಿ ತಂದುಕೊಟ್ಟವರು ಟೈಲರ್ ಮಾಸ್ತರು. ಅವರ ಅಂಗಡಿಯಲ್ಲಿ ಕಾಜಾ ಹೊಲಿದು ಗುಂಡಿ ಹಾಕುತ್ತಲೇ ಅಣ್ಣನ ಆಯುಷ್ಯ ಕಳೆದಿತ್ತು. ತಲೆ ಹತೋಟಿ ತಪ್ಪಿದ ದಿನಗಳಲ್ಲೂ ಅವನು ಹಾಕಿದ ಗುಂಡಿ ಕಿತ್ತುಬಂದದ್ದಿಲ್ಲ ಎಂದು ಮಾಸ್ತರು ಹೊರಗೆ ನಿಂತು, ಬಂದವರಿಗೆಲ್ಲ ಹೇಳುತ್ತಿದ್ದರು.

"ಮೆಲ್ಲಗೆ ಎತ್ತು," ಎಂದರು ಚಿಕ್ಕಮ್ಮ. "ಈ ಹೆಗಲ ಮೇಲೇ ಅಲ್ವಾ ಇವನು ನಿನ್ನ ಹಾಕ್ಕೊಂಡು ಓಡಿದ್ದು. ಜ್ವರ ನೆತ್ತಿಗೇರಿ ಕಣ್ಣು ಮೇಲೆ ಮಾಡಿಬಿಟ್ಟಿದ್ದೆ."

ತಂಗಿಯ ಕೈ ಅಲ್ಲೇ ನಿಂತಿತು. "ಅದು ಅಪ್ಪ ಅಲ್ವಾ?"

"ನಿಮ್ಮಪ್ಪನಿಗೆ ಅವತ್ತು ಮೈಮೇಲೆ ಎಚ್ಚರ ಎಲ್ಲಿತ್ತು? ಕುಡಿದು ಬಾಗಿಲ ಹತ್ರ ಬಿದ್ದಿದ್ರು. ಇವನಿನ್ನೂ ಮೀಸೆ ಮೂಡದ ಹುಡುಗ, ಆಸ್ಪತ್ರೆವರೆಗೂ ನಿನ್ನ ಕೆಳಗಿಳಿಸಲಿಲ್ಲ. ಕೇಳಿದವರಿಗೆಲ್ಲ ಅಪ್ಪನೇ ಹೊತ್ಕೊಂಡು ಹೋದ್ರು ಅಂತ ನಿಮ್ಮಮ್ಮ ಹೇಳಿದ್ಲು. ಮನೆ ಮರ್ಯಾದೆ ನೋಡು. ನಾವೂ ಹೂಂ ಅಂದ್ವಿ." ಚಿಕ್ಕಮ್ಮ ಕಾಲರ್ ಸರಿಮಾಡಿದರು. "ನಿನಗೆ ಗೊತ್ತಿದೆ ಅಂದ್ಕೊಂಡಿದ್ದೆ."

*

ಕಂಪ್ಯೂಟರಿಗೆ ಕತೆ ಕಲಿಸುವುದು ತಂಗಿಯ ಕೆಲಸ. ಕಲಿತದ್ದನ್ನು ಅದು ಒಪ್ಪವಾಗಿ ತಿರುಗಿ ಹೇಳುತ್ತಿತ್ತು. ಆದರೆ ಕಲಿಕೆಯ ವೇಗವನ್ನು ಬೇಕೆಂದೇ ಮಿತಿಮೀರಿ ಏರಿಸಿದರೆ ಒಬ್ಬರ ಕತೆಗೆ ಇನ್ನೊಬ್ಬರನ್ನು ತಂದು ಕೂರಿಸುತ್ತಿತ್ತು, ಯಾರೋ ಮಾಡಿದ್ದನ್ನು ತಾನೇ ಮಾಡಿದೆ ಎನ್ನುತ್ತಿತ್ತು. ಸ್ಕಿಜೋಫ್ರೇನಿಯಾ ಎಂಬ ಮನೋರೋಗ ಇರುವವರ ಮಾತು ಕೆಡುವುದೂ ಹೀಗೇ ಎಂದು ತೋರಿಸಲು ಅವಳಿಗೊಬ್ಬ ಮನುಷ್ಯ ಬೇಕಾಗಿದ್ದ. ಮನೆಯಲ್ಲೇ ಒಬ್ಬನಿದ್ದ.

ನಿನ್ನ ಯಂತ್ರಕ್ಕೂ ಮಾತ್ರೆ ನುಂಗಿಸ್ತೀಯಾ ಎಂದು ಅಣ್ಣ ನಗುತ್ತಿದ್ದ. ಮನೆಮಂದಿಯ ಕತೆಗಳನ್ನು ಹೇಳು ಎಂದರೆ ಹೇಳುತ್ತಿದ್ದ. ಎಷ್ಟೋ ಕಡೆ ದಾರಿ ತಪ್ಪುತ್ತಿದ್ದ, ಅದು ಸುಳ್ಳಲ್ಲ. ಆದರೆ ಜ್ವರದ ಕತೆಗೆ ಬಂದಾಗ ಮಾತ್ರ ತಡವರಿಸದೆ ನಾನು ಹೊತ್ಕೊಂಡು ಓಡಿದೆ ಎನ್ನುತ್ತಿದ್ದ. ಅವಳು ಅದಕ್ಕೆ ತಪ್ಪೆಂದು ಗುರುತು ಹಾಕಿದಳು. ಪ್ರಬಂಧದ ಮೊದಲ ಉದಾಹರಣೆಯೇ ಅದಾಯಿತು. ಸಭೆಗಳಲ್ಲಿ ಅವಳು ಮುದ್ರಿಸಿಕೊಂಡಿದ್ದ ಅವನ ದನಿ ಕೇಳಿಸಿದಾಗ ಜನ ಮರುಗುತ್ತಾ ತಲೆಯಾಡಿಸುತ್ತಿದ್ದರು, ಅವಳಿಗೆ ಹೆಮ್ಮೆಯಾಗುತ್ತಿತ್ತು.

ಆ ಕತೆ ಬಂದಾಗಲೆಲ್ಲ ಅವಳು ತಾಳ್ಮೆಯಿಂದ ತಿದ್ದಿದಳು. "ಅಣ್ಣಾ, ಅದು ನೀನಲ್ಲ, ಅಪ್ಪ."

ಅವನು ಅವಳ ಮುಖವನ್ನೇ ನೋಡುತ್ತಿದ್ದ. ಕೊನೆಗೊಂದು ದಿನ, ಸೂಜಿಗೆ ದಾರ ಪೋಣಿಸುತ್ತಾ, "ಆಯ್ತಮ್ಮ, ಅಪ್ಪನೇ," ಎಂದ. ಮತ್ತೆಂದೂ ಆ ಕತೆ ಎತ್ತಲಿಲ್ಲ. ಅವಳು ಅದನ್ನು ಸುಧಾರಣೆ ಎಂದು ಬರೆದುಕೊಂಡು ಖುಷಿಪಟ್ಟಿದ್ದಳು.

*

ಶವದ ವ್ಯಾನ್ ಬಂದು ನಿಂತಿತು. ನಾಲ್ಕು ಮಾತು ಆಡಮ್ಮ ಎಂದು ಮಾಸ್ತರು ಅವಳನ್ನು ಮುಂದಕ್ಕೆ ಕರೆದರು. ಅವಳು ಮುಂದೆ ಬಂದು ನಿಂತಳು. ಅಣ್ಣನ ಮುಖ ನೋಡುವುದಕ್ಕೂ ತನಗೆ ಯೋಗ್ಯತೆ ಇಲ್ಲವೆನಿಸಿತು. ಈಗಲಾದರೂ ಹೇಳದಿದ್ದರೆ ಅವನು ಎಲ್ಲರ ಪಾಲಿಗೆ ಆ ಉದಾಹರಣೆಯಾಗಿಯೇ ಹೋಗುತ್ತಾನೆ.

"ನಾನು ಚಿಕ್ಕವಳಿದ್ದಾಗ," ಎಂದಳು, "ಜ್ವರ ಬಂದು ಸಾಯೋ ಹಾಗಾಗಿದ್ದೆ. ನನ್ನ ಹೊತ್ಕೊಂಡು ಓಡಿದ್ದು ನಮ್ಮಣ್ಣ. ಅಪ್ಪ ಅಲ್ಲ."

ಗುಂಪಿನಲ್ಲಿ ಗುಸುಗುಸು ಎದ್ದಿತು. ಪ್ರಯೋಗಾಲಯದಲ್ಲಿ ಅವಳ ಜೊತೆ ಕೆಲಸ ಮಾಡುವ ಎಂಜಿನಿಯರ್ ಮುಂದೆ ಬಂದ. ಆ ಕತೆ ಅವನಿಗೆ ಬಾಯಿಪಾಠವಾಗಿತ್ತು. ತಲೆ ಒಂದಿಷ್ಟು ವಾಲಿಸಿ, ಒಂದೊಂದೇ ಮಾತನ್ನು ಬಿಡಿಸಿ ಹೇಳಿದ: "ಮೇಡಂ, ಹೊತ್ಕೊಂಡು ಹೋಗಿದ್ದು ನಿಮ್ಮ ತಂದೆ ಅಲ್ವಾ? ನಿದ್ದೆ ಇಲ್ಲ ನಿಮಗೆ. ಪರವಾಗಿಲ್ಲ, ಕೂತ್ಕೊಳ್ಳಿ."

"ಅಲ್ಲ, ಅಣ್ಣ," ಎಂದಳು ಅವಳು, ಇನ್ನಷ್ಟು ಗಟ್ಟಿಯಾಗಿ. ಅವನು ಮರುಗುತ್ತಾ ತಲೆಯಾಡಿಸಿದ.

ಅವಳು ಚಿಕ್ಕಮ್ಮನತ್ತ ನೋಡಿದಳು. ಸುತ್ತ ಊರವರೆಲ್ಲ ನಿಂತಿದ್ದರು. ಚಿಕ್ಕಮ್ಮ ತಲೆ ತಗ್ಗಿಸಿ, ತಮ್ಮ ಚಪ್ಪಲಿಯ ಮೇಲಿನ ಧೂಳನ್ನು ಇನ್ನೊಂದು ಕಾಲಿನಿಂದ ಒರೆಸತೊಡಗಿದ್ದರು.