ದೇವಕಣಗಿಲೆಯ ಗಂಟು

ಚಟ್ಟಕ್ಕೆ ಹೆಗಲು ಕೊಟ್ಟವರು ಅಂಗಳ ದಾಟುವ ಮೊದಲೇ ಸತ್ತವನ ಅಕ್ಕ ಸಿದ್ದಲಿಂಗಮ್ಮ ಅಡ್ಡ ನಿಂತಳು. ಬಾಗಿಲೆದುರಿನ ದೇವಕಣಗಿಲೆ ಮರಕ್ಕೆ ಬೆರಳು ತೋರಿಸಿದಳು. ಹೂವಿನ ನಡುವೆ ಒಂದು ನೀಲಿ ಬಟ್ಟೆಯ ಗಂಟು.

“ಏನವ್ವ ಮಂಗಳ ಅದು? ನಿನ್ ಸೀರೆ ಚೂರಲ್ವಾ?”

ಹೌದು, ಸತ್ತವನ ಹೆಂಡತಿ ಮಂಗಳಮ್ಮನದೇ ಹಳೆಯ ಸೀರೆ. “ನಾ ಕಟ್ಟಿದ್ದಲ್ಲ ಕಣಕ್ಕ.”

“ಇನ್ಯಾರು ಕಟ್ಟಾರು? ಮಾಟ ಮಾಡ್ಸಿ ನನ್ ತಮ್ಮುನ್ನ ತಿಂದ್ಬುಟ್ಟೆ!”

ಅಳು ತಟ್ಟನೆ ನಿಂತಿತು. ಸಾವಿನ ಮನೆಯಾದರೇನು, ಗಂಟು ಕಂಡರೆ ಜನಕ್ಕೆ ಒಳಗೇನಿದೆ ಎಂಬುದೇ ಚಿಂತೆ. ಒಬ್ಬಳು ಕೂದಲೆಂದಳು, ಇನ್ನೊಬ್ಬಳು ನಿಂಬೆಹಣ್ಣೆಂದಳು. ಎತ್ತಿದ ಚಟ್ಟವನ್ನು ಇಳಿಸುವಂತಿಲ್ಲ.

“ಬಿರ್ರನೆ ತೀರ್ಮಾನ ಮಾಡ್ರವ್ವ, ಹೆಗ್ಲು ನೋಯ್ತದೆ,” ಎಂದ ಮುಂದೆ ಹೊತ್ತಿದ್ದ ಕರಿಯಯ್ಯ.

ಇವತ್ತು ಅಂಟಿದ ಮಾತು ಕ್ಯಾತನಹಳ್ಳಿಯಲ್ಲಿ ಮಂಗಳಮ್ಮನನ್ನು ಸಾಯುವತನಕ ಬಿಡುವುದಿಲ್ಲ.

* * *

ಸತ್ತ ಮಂಚಯ್ಯ ಕೆ.ಆರ್.ಎಸ್. ತೋಟದ ಮಾಲಿ, 1996ರಲ್ಲಿ ನಿವೃತ್ತನಾದ. ಮದುವೆಯಾದ ವರ್ಷ ಅಲ್ಲಿಂದ ದೇವಕಣಗಿಲೆಯ ಒಂದು ಕೊಂಬೆ ತಂದು, ಕಡಿದ ತುದಿಯ ಹಾಲು ಆರಲೆಂದು ಹತ್ತು ದಿನ ನೆರಳಲ್ಲಿಟ್ಟು ನೆಟ್ಟಿದ್ದ. ಸಿದ್ದಲಿಂಗಮ್ಮ ಬಂದಾಗಲೆಲ್ಲ, “ಕಾಯಿ ಕಚ್ಚದೆ ಇರೋ ಮರ ಬಾಗ್ಲಲ್ಲಿ ಯಾಕ್ಲಾ? ಕಡ್ದಾಕು,” ಎನ್ನುತ್ತಿದ್ದಳು. ಮಕ್ಕಳಿಲ್ಲದ ಮಂಗಳಮ್ಮ ಎದ್ದು ಒಳಗೆ ಹೋಗುತ್ತಿದ್ದಳು. ಮಾತು ಮರಕ್ಕಲ್ಲವೆಂದು ಅವಳಿಗೆ ಗೊತ್ತಿತ್ತು.

ಹೋದ ತಿಂಗಳು ಮಂಚಯ್ಯ ಅವಳ ಹತ್ತಿರ ಹಳೆಯ ತೆಳು ಬಟ್ಟೆ ಕೇಳಿದ್ದ.

“ಗಾಳಿ ಆಡ್ಬೇಕು, ಒಳ್ಗಿಂದು ಹಾರೋಗ್ಬಾರ್ದು.”

“ಚಿಟ್ಟೆ ಸಾಕ್ತೀರಾ?”

“ಒಡೆದ್ಮೇಲೆ ತೋರುಸ್ತೀನಿ ಬುಡು,” ಎಂದು ನಕ್ಕಿದ್ದ.

* * *

ಗಂಟು ಮುಟ್ಟಲು ಒಬ್ಬರೂ ಮುಂದೆ ಬರಲಿಲ್ಲ. ಮಂಗಳಮ್ಮ ಒರಳುಕಲ್ಲು ಹತ್ತಿ, ಕೊಂಬೆ ಬಗ್ಗಿಸಿ ತಾನೇ ಬಿಚ್ಚಿದಳು. ಹೆಂಗಸರು ಹಿಂದೆ ಸರಿದರು.

ಒಳಗೆ ಕೊಂಬಿನಂಥ ಜೋಡಿ ಕಾಯಿ, ಒಣಗಿ ಬಾಯಿ ಬಿಟ್ಟಿತ್ತು. ತೆಳು ರೆಕ್ಕೆಯ ಕಂದು ಬೀಜಗಳು ಗಾಳಿಗೆ ಎದ್ದು ಮಂಚಯ್ಯನ ಎದೆಯ ಮೇಲೆ, ಹೊತ್ತವರ ತಲೆಯ ಮೇಲೆ ಇಳಿದವು.

“ಬೀಜ ಕಣ್ರಪ್ಪಾ!” ಮಂಚಯ್ಯನ ಜೊತೆ ದುಡಿದಿದ್ದ ಮಾಲಿ ಜವರಯ್ಯ ಒಂದನ್ನು ಹೆಕ್ಕಿ ಕೂಗಿದ. “ಮೂವತ್ತೊರ್ಸ ನಾವು ಬರೀ ಕೊಂಬೆ ನೆಟ್ವಿ. ಇದು ಕಾಯಿ ಬುಟ್ಟಿದ್ನ ನಾನೂ ಕಂಡಿರ್ನಿಲ್ಲ.”

ಮಂಗಳಮ್ಮ ಆಗ ಜೋರಾಗಿ ಅತ್ತಳು. ಕೈಯಲ್ಲಿದ್ದ ಬಟ್ಟೆಯಿಂದ ಇನ್ನಷ್ಟು ಬೀಜ ಉದುರಿದವು.

ಒರಳುಕಲ್ಲಿನ ಬುಡದಲ್ಲಿ ಸಿದ್ದಲಿಂಗಮ್ಮ ತಲೆಯೆತ್ತದೆ, ಆ ಬೀಜಗಳಿಗೆ ಎರಡೂ ಕೈಯಲ್ಲಿ ಸೆರಗೊಡ್ಡಿ ನಿಂತಿದ್ದಳು.